ಪರದೇಶದ ಕಾರಿಗೆ ಊರಿನ ಲೆಕ್ಕ ನಡೆಯದು

"ಗಾಡಿಗೆ ಇನ್ಶುರೆನ್ಸ್ ಇದೆಯಲ್ಲ, ಮತ್ತೇನು?" ಮಂಗಳೂರು-ಉಡುಪಿ ಕಡೆ ಕಾರಿನ ಕೀ ಕೈ ಬದಲಾಗುವಾಗ ಕೇಳಿಬರುವ ಮಾತಿದು. ಊರಿನಲ್ಲಿ ಈ ಮಾತು ಸರಿ. ವಿಮಾನ ಹತ್ತಿ ಇಳಿದ ಮೇಲೂ ಇದನ್ನೇ ನಂಬಿ ಸ್ಟಿಯರಿಂಗ್ ಹಿಡಿಯುವುದು ಅಪಾಯ.

ಇಲ್ಲಿ ಪಾಲಿಸಿ ಗಾಡಿಯ ಹಿಂದೆ ಹೋಗುತ್ತದೆ. ಭಾವನ ಕಾರನ್ನು ಭಾವಮೈದ ಓಡಿಸಿದರೂ ಅವನ ಲೈಸೆನ್ಸ್ ಸರಿಯಿದ್ದರೆ ಸಾಕು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಡಿಕ್ಕಿಯಲ್ಲಿ ಒಬ್ಬ ಸತ್ತರೆ ಕೋರ್ಟು ಹೇಳಿದಷ್ಟನ್ನು ಕಂಪೆನಿ ತೆರಬೇಕು, ಪಾಲಿಸಿಯಲ್ಲಿ ಅದಕ್ಕೆ ಮಿತಿ ಇಲ್ಲ.

ಬ್ರಿಟನ್ನಿನ ರೀತಿಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿದ್ದವರಿಗೆ ಮಾತ್ರ ರಕ್ಷಣೆ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೋದ ಯಜಮಾನರಿಗೆ ಅಳಿಯ "ಮಾವ, ಗಾಡಿ ತಗೊಂಡು ಹೋಗಿ, ಹಾಲು ತನ್ನಿ" ಅಂತ ಕೀ ಕೊಟ್ಟ ಅನ್ನಿ. ಇಂಡಿಯಾದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಮಾವನ ಹೆಸರು ಪಾಲಿಸಿಯಲ್ಲಿ ಇಲ್ಲದಿದ್ದರೆ ಅದು ವಿಮೆ ಇಲ್ಲದ ಓಡಾಟ. ಪೊಲೀಸರು ಹಿಡಿದರೆ 300 ಪೌಂಡ್ ದಂಡ, ಕಾರೂ ಜಪ್ತಿಯಾಗಬಹುದು. ಹಾಲು ದುಬಾರಿಯಾಯಿತು!

ಅಮೆರಿಕದಲ್ಲಿ ವಿಮೆ ಇದ್ದೂ ಸಾಲದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕನಿಷ್ಠ ವಿಮೆಯ ಮೊತ್ತ ಏರಿತು. ಏರಿದ ಮೇಲೂ ಗಾಯಗೊಂಡ ಅಥವಾ ಸತ್ತ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000. ಅದಕ್ಕಿಂತ ಮೇಲಿನದ್ದು ಓಡಿಸಿದವನ ತಲೆಗೆ. ಅಲ್ಲಿನ ಆಸ್ಪತ್ರೆ ಬಿಲ್ಲು ಕಂಡವರಿಗೆ ಈ ದುಡ್ಡು ಎಷ್ಟು ದಿನಕ್ಕೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಟ್ರಾವೆಲ್ ಇನ್ಶುರೆನ್ಸ್ ಇದೆ ಅನ್ನುವವರು ಅದರ ಸಣ್ಣ ಅಕ್ಷರ ಓದಲಿ. ಮೋಟಾರು ವಾಹನದಿಂದ ಇನ್ನೊಬ್ಬರಿಗಾದ ಹಾನಿಯನ್ನು ಅದು ಸಾಮಾನ್ಯವಾಗಿ ಹೊರಗೇ ಇಟ್ಟಿರುತ್ತದೆ.

ಜಿಲ್ಲೆಗೆ ಹೆಚ್ಚು ಹತ್ತಿರದ್ದು ದುಬೈ. ವಿಸಿಟ್ ವೀಸಾದಲ್ಲಿ ಹೋದವರು ಇಲ್ಲಿಂದ ಒಯ್ದ ಅಂತಾರಾಷ್ಟ್ರೀಯ ಪರ್ಮಿಟ್ಟಿನಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಕೆಲಸ ಸಿಕ್ಕಿ ರೆಸಿಡೆನ್ಸ್ ವೀಸಾ ಆದ ದಿನದಿಂದ ಆ ಪರ್ಮಿಟ್ಟಿಗೆ ಬೆಲೆಯಿಲ್ಲ, ಅಲ್ಲಿನದೇ ಲೈಸೆನ್ಸ್ ಬೇಕು. ಎಷ್ಟೋ ಹುಡುಗರು "ಇನ್ನೂ ಡೇಟ್ ಇದೆ" ಅಂತ ಓಡಿಸುತ್ತಲೇ ಇರುತ್ತಾರೆ. ಅಪಘಾತದಲ್ಲಿ ಒಬ್ಬ ಸತ್ತರೆ ಅವನ ಮನೆಯವರಿಗೆ ಸಲ್ಲುವ ದಿಯಾ, ಅಂದರೆ ಜೀವಹಾನಿಯ ಪರಿಹಾರ, 2 ಲಕ್ಷ ದಿರ್ಹಂ. ಕಂಪೆನಿ ಮೊದಲು ಕೊಟ್ಟರೂ, ಸರಿಯಾದ ಲೈಸೆನ್ಸ್ ಇಲ್ಲದವನಿಂದ ಅದನ್ನು ವಸೂಲು ಮಾಡಬಹುದು. ಊರಲ್ಲಿ ಮನೆಗೆ ತಳಪಾಯ ಹಾಕಿಸುತ್ತಿರುವವನ ಗತಿ?

ರಜೆಯಲ್ಲಿ ದುಬೈಯಿಂದ ಓಮಾನಿಗೆ ಕಾರಲ್ಲಿ ಹೋಗುವವರದು ಮತ್ತೊಂದು ತಪ್ಪು ಎಣಿಕೆ. ಪಾಲಿಸಿಯಲ್ಲಿ ಓಮಾನ್ ಹೆಸರು ಇದ್ದರೂ ಅದು ಸ್ವಂತ ಗಾಡಿಯ ಡ್ಯಾಮೇಜಿಗೆ ಮಾತ್ರ ಇರಬಹುದು. ಎದುರಿನವರ ನಷ್ಟಕ್ಕೆ ಬೇಕಾದ್ದು ಕಿತ್ತಳೆ ಕಾರ್ಡು. ಅರಬ್ ದೇಶಗಳು 1975ರಲ್ಲಿ ಟ್ಯುನಿಸ್‌ನಲ್ಲಿ ಮಾಡಿಕೊಂಡ ಒಪ್ಪಂದದ್ದು.

ಅಂತಾರಾಷ್ಟ್ರೀಯ ಪರ್ಮಿಟ್ ಕೊಡುವುದು ಆರ್‌ಟಿಓ. ಅದರ ಅವಧಿ ಒಂದು ವರ್ಷ. ಆ ಕಾಗದ ಹೇಳುವುದು ಇವರಿಗೆ ಲೈಸೆನ್ಸ್ ಇದೆ ಎಂದಷ್ಟೆ, ವಿಮೆಯ ವಿಷಯ ಅದರಲ್ಲಿಲ್ಲ. ಜಿಲ್ಲೆಯ ಇಷ್ಟು ಜನ ಹೊರಗೆ ಹೋಗುವಾಗ, ಪರ್ಮಿಟ್ಟಿನ ಜೊತೆಗೇ ಈ ವಿಷಯಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಸೇರಿಸಿ ಕೊಡಲು ಇಲಾಖೆಗೆ ದೊಡ್ಡ ಖರ್ಚೇನಿಲ್ಲ. ಟಿಕೆಟ್ ಮಾಡಿಸಿಕೊಡುವ ಏಜೆಂಟರೂ ಅದನ್ನು ಕೌಂಟರಿನ ಮೇಲೆ ಇಡಬಹುದು.