ತ್ರೈರಾಶಿಕವೂ ಭಾಷೆಯ ಪಾಠವೇ

ಗಣಿತದಲ್ಲಿ ಹಿಂದುಳಿದ ವಿದ್ಯಾರ್ಥಿಗೆ ಗುಣಾಕಾರ ಭಾಗಾಕಾರಗಳನ್ನು ಇನ್ನಷ್ಟು ಮಾಡಿಸಬೇಕೆಂಬುದು ವಾಡಿಕೆಯ ಸಲಹೆ. ಬಹುಕಾಲ ಕನ್ನಡವನ್ನು ಬೋಧಿಸಿದ ನನಗೆ ಇದು ಅರ್ಧಸತ್ಯವೆಂದೇ ತೋರುತ್ತದೆ. ಅನುಪಾತದ ಲೆಕ್ಕಗಳಲ್ಲಿ ಮಕ್ಕಳು ಬಹುಮಟ್ಟಿಗೆ ಎಡವುವುದು ಅಂಕೆಗಳಲ್ಲಲ್ಲ, ವಾಕ್ಯಗಳಲ್ಲಿ.

ಈ ಲೆಕ್ಕವನ್ನು ನಮ್ಮ ಪೂರ್ವಿಕರು ತ್ರೈರಾಶಿಕವೆಂದು ಕರೆದರು. ತಿಳಿದಿರುವ ಅಳತೆ ಪ್ರಮಾಣ; ಅದಕ್ಕೆ ದೊರೆತುದು ಫಲ; ಈಗ ಬೇಕಾದ ಅಳತೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಭಟ್ಕಳದ ಮಲ್ಲಿಗೆ 3 ಮೊಳಕ್ಕೆ 60 ರೂಪಾಯಿಯಾದರೆ 7 ಮೊಳಕ್ಕೆಷ್ಟು? 60ನ್ನು 7ರಿಂದ ಗುಣಿಸಿ 3ರಿಂದ ಭಾಗಿಸಿದರೆ 140 ರೂಪಾಯಿ. ಇಂದಿನ ಪಠ್ಯದಲ್ಲಿ 3 : 7 :: 60 : 140 ಎಂದು ಬರೆದು, ಅಂತ್ಯಪದಗಳ ಗುಣಲಬ್ಧವು ಮಧ್ಯಪದಗಳ ಗುಣಲಬ್ಧಕ್ಕೆ ಸಮವೆನ್ನುವುದೂ ಇದನ್ನೇ.

ಇನ್ನು ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಬನ್ನಿ. 6 ಆಳುಗಳು 10 ದಿನಗಳಲ್ಲಿ ಮುಗಿಸುವ ಕೆಲಸವನ್ನು 15 ಆಳುಗಳು ಎಷ್ಟು ದಿನಗಳಲ್ಲಿ ಮುಗಿಸುವರು? ಸೂತ್ರವನ್ನು ಕಣ್ಮುಚ್ಚಿ ಹಿಡಿದವನು 25 ಎನ್ನುವನು. ಆಳು ಹೆಚ್ಚಿದಂತೆ ದಿನ ಕಡಮೆಯಾಗಬೇಕೆಂದು ಅರಿತವನು 60ನ್ನು 15ರಿಂದ ಭಾಗಿಸಿ 4 ಎನ್ನುವನು. ಇದು ವ್ಯಸ್ತ ತ್ರೈರಾಶಿಕ. ಹೊನ್ನಾವರದಲ್ಲಿ ಶರಾವತಿಯನ್ನು ಒಂದು ದೋಣಿ 20 ನಿಮಿಷದಲ್ಲಿ ದಾಟಿದರೆ, ಅದೇ ವೇಗದ ಎರಡು ದೋಣಿಗಳು ಜೊತೆಯಾಗಿ ಹೊರಟರೆ ಎಷ್ಟು ಹೊತ್ತು? 40 ಎಂದೋ 10 ಎಂದೋ ಬರೆಯುವ ಮಕ್ಕಳುಂಟು. ಉತ್ತರ 20 ನಿಮಿಷವೇ! ಇಲ್ಲಿ ಅನುಪಾತವೇ ಇಲ್ಲ.

ಮೂರೂ ಪ್ರಶ್ನೆಗಳ ವಾಕ್ಯರಚನೆ ಒಂದೇ, ಅರ್ಥ ಬೇರೆ. ಈ ಭೇದವನ್ನು ಯಾವ ಮಗ್ಗಿಯೂ ಕಲಿಸಲಾರದು. ‘ಗಣಿತ ನನ್ನ ವಿಷಯವಲ್ಲ’ ಎಂದು ದೂರ ನಿಂತಿದ್ದ ನನ್ನಂತಹ ಭಾಷಾ ಪಂಡಿತರೂ ಈ ದೋಷದಲ್ಲಿ ಪಾಲುದಾರರೆಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಪರಂಪರೆ ಹೀಗೆ ದೂರ ನಿಂತಿರಲಿಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಕವಿಯೂ ಗಣಿತಜ್ಞನೂ ಒಬ್ಬನೇ ಆಗಿದ್ದ ನಾಡಿದು.

ಆದುದರಿಂದ ನನ್ನ ವಿನಂತಿ ಇಷ್ಟೆ. ವಾರಕ್ಕೊಂದು ಕನ್ನಡದ ಅವಧಿಯಲ್ಲಿ ಇಂತಹ ಲೆಕ್ಕಗಳನ್ನು ಓದಿಸೋಣ. ಬಿಡಿಸುವ ಮುನ್ನ ‘ಯಾವುದು ಹೆಚ್ಚಿದರೆ ಯಾವುದು ಹೆಚ್ಚುವುದು, ಯಾವುದು ಕುಗ್ಗುವುದು, ಯಾವುದು ಕದಲದು’ ಎಂದು ಮಕ್ಕಳ ಬಾಯಿಂದಲೇ ಹೇಳಿಸೋಣ. ಭಟ್ಕಳ, ಹೊನ್ನಾವರ, ಕುಮಟೆಗಳ ಪೇಟೆಗಳಲ್ಲಿ ವ್ಯವಹಾರದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಅಂಗಡಿಯ, ತೋಟದ, ದೋಣಿಯ ಒಂದೊಂದು ಲೆಕ್ಕವನ್ನು ಬರೆದು ಕಳುಹಿಸಲಿ. ಕಾಸಿಲ್ಲದ ಈ ದಾನವೂ ಶಾಲೆಗೆ ದೊಡ್ಡದೇ. ಅಂಗಡಿಯಲ್ಲಿ ಮೋಸಹೋಗದ, ಪರರನ್ನೂ ಮೋಸಗೊಳಿಸದ ಪ್ರಜೆ ಇಂತಹ ಲೆಕ್ಕದಿಂದಲೇ ರೂಪುಗೊಳ್ಳುವನಲ್ಲವೆ?