ನಿಂತುಹೋಗುವ ಎಂಜಿನ್ನೂ ನಮ್ಮ ತರ್ಕಶಾಸ್ತ್ರವೂ

ಕಲಾ ಕಾಲೇಜಿನ ವಿದ್ಯಾರ್ಥಿಗೂ ಮೋಟಾರು ಎಂಜಿನ್ನಿಗೂ ಏನು ಸಂಬಂಧವೆಂದು ವಾಚಕ ಮಿತ್ರರು ಕೇಳಬಹುದು. ಸಂಬಂಧವಿದೆಯೆಂದೇ ನನ್ನ ವಾದ. ಜಾನ್ ಸ್ಟುವರ್ಟ್ ಮಿಲ್ಲನು ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಕಾರಣವನ್ನು ಹುಡುಕುವ ಐದು ವಿಧಾನಗಳನ್ನು ಹೇಳಿದ್ದಾನೆ. ನಾವು ಅವನ್ನು ಉರುಹೊಡೆದು, ಉತ್ತರಪತ್ರಿಕೆಯಲ್ಲಿ ಇಳಿಸಿ, ಮನೆಗೆ ಹೋಗುತ್ತೇವೆ. ಅವನ್ನು ನಿತ್ಯವೂ ಬಳಸಿ ಹೊಟ್ಟೆಹೊರೆಯುವವರು ಮಿಲ್ಲನ ಹೆಸರನ್ನೇ ಕೇಳದ ಮೇಸ್ತ್ರಿಗಳು.

ಎಂಜಿನ್ನು ಓಡಬೇಕಾದರೆ ಗಾಳಿ, ಪೆಟ್ರೋಲು, ಕಿಡಿ ಈ ಮೂರೂ ಸಕಾಲದಲ್ಲಿ ಕೂಡಬೇಕು. ಪೂರ್ತಿ ಕೆಟ್ಟು ಕುಳಿತ ಎಂಜಿನ್ನನ್ನು ಪರೀಕ್ಷಿಸುವುದು ಅಷ್ಟೇನೂ ಕಷ್ಟವಲ್ಲ. ಮೂರರಲ್ಲಿ ಇಲ್ಲದ್ದು ಯಾವುದೆಂದು ನೋಡಿದರಾಯಿತು. ಆದರೆ ಓಡುತ್ತೋಡುತ್ತ ನಿಂತು, ಅರ್ಧ ಗಂಟೆಯ ಮೇಲೆ ಏನೂ ಆಗದಂತೆ ಮತ್ತೆ ಹೊರಡುವ ಎಂಜಿನ್ನಿದೆಯಲ್ಲ, ಅದು ವೈದ್ಯರ ಮುಂದೆ ಮಾತ್ರ ಜ್ವರ ಬಿಡುವ ರೋಗಿಯ ಜಾತಿಯದು. ಗ್ಯಾರೇಜಿಗೆ ತಂದಾಗ ಮೂರೂ ಸರಿಯಾಗಿಯೇ ಇರುತ್ತವೆ.

ನನ್ನ ಸೋದರಮಾವನವರು ಒಂದು ಪೆಟ್ರೋಲು ವ್ಯಾನು ಇಟ್ಟುಕೊಂಡು ಶಾಲೆಯ ಮಕ್ಕಳನ್ನು ಕರೆದೊಯ್ಯುವವರು. ಬಿಸಿಲೇರಿದ ಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರು ಹೋಗುವಷ್ಟರಲ್ಲಿ ವ್ಯಾನು ತಟ್ಟನೆ ನಿಲ್ಲುತ್ತಿದ್ದಿತು. ಇಳಿಜಾರಿನಲ್ಲಿ ಎಂಜಿನ್ನು ನಿಂತರೆ ಸಂಗಡವೇ ಬ್ರೇಕಿಗಿರುವ ಒತ್ತಾಸೆಯೂ ಹೋಗುತ್ತದೆ. ಒಂದೆರಡು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಹಿಂದೆ ಮಕ್ಕಳು ಕುಳಿತಿರುವಾಗ ಇದು ತಮಾಷೆಯ ಮಾತಲ್ಲ. ಮೊದಲು ನೋಡಿದ ಗ್ಯಾರೇಜಿನವರು ಪ್ಲಗ್ಗುಗಳನ್ನು ಬದಲಿಸಿದರು, ನಿಂತಿತು. ಪೆಟ್ರೋಲು ಪಂಪನ್ನು ಬದಲಿಸಿದರು, ನಿಂತಿತು. ಕಾಯಿಲು ಬದಲಿಸಿದರು, ಆಗಲೂ ನಿಂತಿತು. ಬಿಲ್ಲು ಮಾತ್ರ ನಿಲ್ಲದೆ ಬೆಳೆಯಿತು.

ಆಮೇಲೆ ನೋಡಿದ ವೃದ್ಧ ಮೇಸ್ತ್ರಿಯವರು ಸ್ಪ್ಯಾನರು ಮುಟ್ಟುವ ಮೊದಲು ಪ್ರಶ್ನೆ ಕೇಳತೊಡಗಿದರು. "ಕೆಮ್ಮಿ ಕೆಮ್ಮಿ ನಿಲ್ಲುತ್ತದೆಯೋ, ದೀಪ ಆರಿಸಿದ ಹಾಗೆ ನಿಲ್ಲುತ್ತದೆಯೋ?" "ಸಿಗ್ನಲ್ಲಿನ ಹತ್ತಿರ ನಿಂತಿರುವಾಗಲೋ, ಓಡುವಾಗಲೋ?" "ಟ್ಯಾಂಕಿನ ಮುಚ್ಚಳ ತೆಗೆದರೆ ಬುಸ್ಸೆಂದು ಗಾಳಿ ಎಳೆದುಕೊಳ್ಳುತ್ತದೆಯೋ?" ಒಂದೊಂದು ಪ್ರಶ್ನೆಯೂ ಒಂದೊಂದು ಶಂಕೆಯನ್ನು ಕಳೆಯುತ್ತ ಹೋಯಿತು. ಕೆಮ್ಮಿ ನಿಂತರೆ ಪೆಟ್ರೋಲಿನ ಕೊರತೆಯನ್ನು ಶಂಕಿಸಬೇಕು. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೂ ಹಾಗೆಯೇ. ನಿಂತಲ್ಲಿ ನಿಧಾನವಾಗಿ ಓಡುವಾಗ ಮಾತ್ರ ನಿಂತರೆ ಥ್ರಾಟಲಿನಲ್ಲಿ ಕಿಟ್ಟ ಕಟ್ಟಿರಬಹುದು, ಇಲ್ಲವೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿರಬಹುದು. ಇಲ್ಲಿ ಇವಾವುವೂ ಅಲ್ಲ. ಅವರು ವ್ಯಾನನ್ನು ಅದು ನಿಲ್ಲುವ ತನಕ ತಾವೇ ಓಡಿಸಿ, ನಿಂತಲ್ಲಿಯೇ ಪರೀಕ್ಷಿಸಿದರು. ಪೈಪಿನಲ್ಲಿ ಪೆಟ್ರೋಲಿನ ಒತ್ತಡವಿದ್ದಿತು. ಯಾವ ಪ್ಲಗ್ಗಿನಲ್ಲಿಯೂ ಕಿಡಿಯಿರಲಿಲ್ಲ. ಎಲ್ಲ ಪ್ಲಗ್ಗುಗಳೂ ಒಮ್ಮೆಲೇ ಕೆಡುವುದುಂಟೆ? ಕಾಯಿಲಂತೂ ಹೊಸದು. ಹಾಗಾದರೆ ಇವೆಲ್ಲಕ್ಕೂ ಹಿಂದಿರುವ ಕ್ರ್ಯಾಂಕ್ ಸೆನ್ಸರನ್ನೇ ಶಂಕಿಸಬೇಕು. ಕ್ರ್ಯಾಂಕು ಎಷ್ಟು ತಿರುಗಿತೆಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸಾಧನವದು. ಅದು ಮೌನ ತಾಳಿದರೆ ಕಿಡಿಯನ್ನು ಯಾವಾಗ ಕೊಡಬೇಕೆಂಬುದೇ ಕಂಪ್ಯೂಟರಿಗೆ ತಿಳಿಯದು. ಅದರೊಳಗಿನ ನವುರಾದ ತಾಮ್ರದ ಸುರುಳಿ ಕಾದಾಗ ಸಂಪರ್ಕ ಬಿಟ್ಟು, ಆರಿದಾಗ ಮತ್ತೆ ಕೂಡುವುದುಂಟು. ಒದ್ದೆ ಬಟ್ಟೆಯಿಂದ ಅದೊಂದನ್ನೇ ತಣಿಸಿದರು. ಅರ್ಧ ಗಂಟೆ ಕಾಯಿಸುತ್ತಿದ್ದ ವ್ಯಾನು ಐದು ನಿಮಿಷಕ್ಕೆ ಹೊರಟಿತು. ಬೇರೆಲ್ಲವನ್ನೂ ಇದ್ದ ಹಾಗೆಯೇ ಇರಿಸಿ, ಒಂದನ್ನು ಮಾತ್ರ ಬದಲಿಸಿ ಫಲವನ್ನು ನೋಡುವುದು: ಮಿಲ್ಲನ ವ್ಯತಿರೇಕ ವಿಧಾನವೆಂದರೆ ಇದೇ ಅಲ್ಲವೆ?

ಈಗಿನ ವಾಹನಕ್ಕೆ ಯಂತ್ರವೊಂದನ್ನು ಜೋಡಿಸಿದರೆ ದೋಷದ ಸಂಖ್ಯೆಯೇ ಕಾಣುತ್ತದೆ, ಇಷ್ಟೆಲ್ಲ ಪಾಂಡಿತ್ಯವೇಕೆ ಎನ್ನುವವರುಂಟು. ಅಮೆರಿಕದಲ್ಲಿ ೧೯೯೬ರಿಂದ ಹೊಸ ಕಾರುಗಳಿಗೆ ಈ ಏರ್ಪಾಡು ಕಡ್ಡಾಯವಾಯಿತು. ಆದರೆ 'ಪಿ ೦೩೩೫' ಎಂಬ ಸಂಖ್ಯೆ ಹೇಳುವುದು ಕ್ರ್ಯಾಂಕ್ ಸೆನ್ಸರಿನ ವಿದ್ಯುನ್ಮಂಡಲದಲ್ಲಿ ತೊಂದರೆಯಿದೆ ಎಂದಷ್ಟೆ. ಕೆಟ್ಟದ್ದು ಸೆನ್ಸರೋ, ಇಲಿ ಕಡಿದ ತಂತಿಯೋ, ಸಡಿಲವಾದ ಕನೆಕ್ಟರೋ ಎಂಬುದನ್ನು ಮನುಷ್ಯನೇ ನಿರ್ಣಯಿಸಬೇಕು. ದೂರು ದಾಖಲಾದ ಮಾತ್ರಕ್ಕೆ ಅಪರಾಧಿ ಸಿಕ್ಕಂತಲ್ಲ. ಹೀಗೆ ಬಂದುಹೋಗುವ ದೋಷಕ್ಕೆ ಎಷ್ಟೋ ವೇಳೆ ಸಂಖ್ಯೆಯೇ ದಾಖಲಾಗುವುದಿಲ್ಲ; ಮಾವನವರ ವ್ಯಾನಿನಲ್ಲಿಯೂ ಆಗಿರಲಿಲ್ಲ.

ನನಗೆ ಹೆಚ್ಚು ಖೇದವಾದದ್ದು ಕೊನೆಯ ಲೆಕ್ಕದ ವಿಷಯದಲ್ಲಿ. ಸೆನ್ಸರಿನ ಬೆಲೆಯನ್ನು ಮಾವನವರು ಮರುಮಾತಿಲ್ಲದೆ ಕೊಟ್ಟರು. ಮೇಸ್ತ್ರಿಯವರು ಎರಡು ತಾಸಿನ ಕೂಲಿ ಕೇಳಿದಾಗ, "ನೋಡಿದ್ದಕ್ಕೂ ದುಡ್ಡೇನ್ರೀ?" ಎಂದು ಚೌಕಾಸಿಗಿಳಿದರು. ಇದು ಅವರೊಬ್ಬರ ದೋಷವಲ್ಲ. ನಮ್ಮ ಜನವೇ ಹಾಗೆ. ಕೈಗೆ ಸಿಕ್ಕುವ ಸಾಮಾನಿಗೆ ಬೆಲೆಯುಂಟು, ಆಲೋಚನೆಗೆ ಇಲ್ಲ. ಹೀಗಿರುವಾಗ ಆಲೋಚಿಸುವ ಮೆಕ್ಯಾನಿಕ್ಕಿಗಿಂತ ಸಾಮಾನು ಬದಲಿಸುವ ಮೆಕ್ಯಾನಿಕ್ಕೇ ಬದುಕಿಕೊಳ್ಳುವುದರಲ್ಲಿ ಆಶ್ಚರ್ಯವೇನು? ಮೊದಲಿನ ಗ್ಯಾರೇಜಿನವರನ್ನು ನಾನು ಪೂರ್ತಿ ಹಳಿಯಲಾರೆ. ಅವರಿಗೆ ಆ ಅಭ್ಯಾಸವನ್ನು ಕಲಿಸಿದವರು ಗಿರಾಕಿಗಳು.

ನಮ್ಮ ಅಧ್ಯಾಪಕರಲ್ಲಿ ಒಂದು ಬಿನ್ನಹ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವ ದೃಷ್ಟಾಂತ ಬಹಳ ಹಳೆಯದಾಯಿತು. ತರ್ಕದ ತರಗತಿಯನ್ನು ವರ್ಷಕ್ಕೊಮ್ಮೆಯಾದರೂ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜು ಸಾಲಿಗೆ ಕರೆದೊಯ್ಯಬಾರದೇಕೆ? ಅಲ್ಲಿ ಪಾಠ ಹೇಳುವ ಮೇಸ್ತ್ರಿಯವರಿಗೆ ಅತಿಥಿ ಉಪನ್ಯಾಸಕರಿಗೆ ಸಲ್ಲುವ ಸಂಭಾವನೆಯನ್ನೇ ಕೊಡಬೇಕು. ಬಟ್ಟೆಗೆ ಗ್ರೀಸು ತಗುಲೀತೆಂದು ಅಂಜುವ ಸಹಪಾಠಿಗಳು ಹಳೆಯ ಅಂಗಿ ಧರಿಸಿ ಬರಲಿ.