ಪಹಣಿಯ ಕೀಲಿಕೈ ಯಾರ್ಯಾರ ಕೈಯಲ್ಲಿದೆ?



ಸಹಕಾರ ಸಂಘದ ಚುನಾವಣೆ ಬಂತೆಂದರೆ ನಾವು ಮತದಾರರ ಪಟ್ಟಿ ಹಿಡಿದು ಕೂರುತ್ತೇವೆ. ಸತ್ತವನ ಹೆಸರು ಯಾಕೆ ಐತೆ, ಷೇರು ಕಟ್ಟಿದವನ ಹೆಸರು ಯಾಕಿಲ್ಲ, ಊರು ಬಿಟ್ಟು ಹತ್ತು ವರ್ಷ ಆದವನನ್ನು ಯಾರು ಸೇರಿಸಿದರು ಅಂತ ಕಾರ್ಯದರ್ಶಿಯ ಬೆವರಿಳಿಸುತ್ತೇವೆ. ಮಾಡಬೇಕಾದ ಕೆಲಸವೇ. ಆದರೆ ಅದಕ್ಕಿಂತ ದೊಡ್ಡದೊಂದು ಪಟ್ಟಿ ಐತೆ. ನಮ್ಮ ಪಹಣಿ ಇಟ್ಟಿರುವ ಗಣಕಯಂತ್ರದೊಳಗೆ ಹೊಕ್ಕು ನೋಡಲು, ಬರೆಯಲು, ತಿದ್ದಲು ಅಧಿಕಾರ ಇರುವವರ ಪಟ್ಟಿ. ಗುಡೇಕೋಟೆ ಹೋಬಳಿಯಲ್ಲಿ ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳಿದ್ದೇವೆ?

ಕೂಡ್ಲಿಗಿ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಆಗ ಅಡಂಗಲ್ ಪುಸ್ತಕ ಕರಣಂನ ಮನೆಯಲ್ಲಿ. ಅವನಪ್ಪ ಬರೆದ, ಅವನು ಬರೆದ, ಅವನ ಮಗ ಬರೆಯುತ್ತಾನೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆ ಹೋಗಿ, 1963ರಿಂದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಕೈ ಬದಲಾಯಿತು, ಅಷ್ಟೆ. ಆದರೂ ಒಂದು ಅನುಕೂಲ ಇತ್ತು. ತಿದ್ದಿದವನು ಯಾರು ಅಂತ ಇಡೀ ಊರಿಗೆ ಗೊತ್ತಿರುತ್ತಿತ್ತು. ಶಾಯಿಯ ಬಣ್ಣ ಬೇರೆ ಇದ್ದರೆ ಕಣ್ಣಿಗೆ ಬೀಳುತ್ತಿತ್ತು.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಯಂತ್ರ ಹತ್ತಿದವು. ಕೈಬರಹದ ಪಹಣಿ ನಡೆಯುವುದಿಲ್ಲ ಅಂತಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು: ತಿದ್ದುವವನು ಬರೀ ಪಾಸ್‌ವರ್ಡ್ ಹೊಡೆದರೆ ಸಾಲದು, ಬೆರಳಚ್ಚೂ ಕೊಡಬೇಕು ಅಂತ ಮೊದಲೇ ಕಟ್ಟುಮಾಡಿದರು. ಯಾರು ತಿದ್ದಿದ ಅನ್ನುವ ಗುರುತು ಉಳಿಯಲಿ ಅಂತ.

ಆದರೆ ಬೆರಳು ಏನು ಹೇಳುತ್ತೆ? ಇವನು ಇಂಥವನೇ ಅಂತ ಹೇಳುತ್ತೆ. ಇವನಿಗೆ ಇವತ್ತಿಗೂ ಈ ಅಧಿಕಾರ ಇರಬೇಕೋ ಬೇಡವೋ ಅಂತ ಬೆರಳು ಹೇಳುವುದಿಲ್ಲ. ಅದಕ್ಕೆ ಪಟ್ಟಿಯನ್ನೇ ತೆಗೆದು ನೋಡಬೇಕು.

ಸರ್ವರ್ ಅಂದರೆ ನಮಗೆ ಗೊತ್ತಿರುವುದು ಒಂದೇ ಮಾತು, ‘ಸರ್ವರ್ ಇಲ್ಲ, ನಾಳೆ ಬಾ’. ಅದರ ಒಳಗಿನ ವ್ಯವಸ್ಥೆ ಕಷ್ಟದ್ದೇನಲ್ಲ ನೋಡ್ರಿ. ಒಬ್ಬೊಬ್ಬನಿಗೂ ಬೇರೆ ಬೇರೆ ಅಧಿಕಾರ ಕೊಡುತ್ತಾ ಕೂತರೆ ತಲೆನೋವು ಅಂತ ಗುಂಪು ಮಾಡಿರುತ್ತಾರೆ. ನೋಡುವವರದೊಂದು ಗುಂಪು, ಬರೆಯುವವರದೊಂದು, ಬರೆದದ್ದನ್ನು ಮಂಜೂರು ಮಾಡುವವರದೊಂದು. ಎಲ್ಲಕ್ಕೂ ಮೇಲೆ, ಯಾರನ್ನು ಯಾವ ಗುಂಪಿಗೆ ಹಾಕಬೇಕು ಅಂತ ತೀರ್ಮಾನಿಸುವ ನಾಲ್ಕಾರು ಜನ. ಗುಂಪಿಗೆ ಸೇರಿದವನಿಗೆ ಆ ಗುಂಪಿನ ಅಧಿಕಾರವೆಲ್ಲ ತಾನಾಗಿ ಬರುತ್ತೆ. ಒಂದು ಗುಂಪಿನೊಳಗೆ ಇನ್ನೊಂದು ಗುಂಪನ್ನೇ ಸೇರಿಸಿಡಲೂ ಬರುತ್ತೆ. ಅವಿಭಕ್ತ ಕುಟುಂಬದ ಖಾತೆ ಇದ್ದ ಹಾಗೆ. ಮೇಲೆ ಅಪ್ಪನ ಹೆಸರೊಂದೇ ಕಾಣುತ್ತೆ, ಹಿಂದೆ ನಾಲ್ಕು ಜನ ಮಕ್ಕಳ ಹಕ್ಕು ಇರುತ್ತೆ. ಮೇಲಿನ ಹೆಸರು ಓದಿ ಸುಮ್ಮನಾದರೆ ತಪಾಸಣೆ ಆದಂತಲ್ಲ. ಗುಂಪು ಬಿಚ್ಚಿ, ಪ್ರತಿ ಮನುಷ್ಯನ ಹೆಸರು ಬರುವವರೆಗೂ ಇಳಿಯಬೇಕು.

ಕೆಡುವುದೆಲ್ಲಿ? ಸೇರಿಸುವಾಗ ಅವಸರ, ತೆಗೆಯುವಾಗ ಮರೆವು. ವರ್ಗವಾಗಿ ಹೋದವನ ಹೆಸರು ಉಳಿದಿರುತ್ತೆ. ಗುತ್ತಿಗೆ ಮುಗಿದ ಆಪರೇಟರನ ಹೆಸರು ಉಳಿದಿರುತ್ತೆ. ಹದಿನೈದು ದಿನದ ಮಟ್ಟಿಗೆ ಅಂತ ಕೊಟ್ಟ ಅಧಿಕಾರ ವಾಪಸು ಪಡೆಯದೆ ವರ್ಷಗಟ್ಟಲೆ ನಡೆಯುತ್ತೆ. ಇವೆಲ್ಲಕ್ಕಿಂತ ಕೆಟ್ಟದ್ದು, ಬರೆಯುವವನೇ ಮಂಜೂರು ಮಾಡುವ ಗುಂಪಿನಲ್ಲೂ ಇರುವುದು. ಎಪಿಎಂಸಿಯಲ್ಲಿ ನಮ್ಮ ಶೇಂಗಾ ತೂಕ ಮಾಡುವವನೇ ಖರೀದಿದಾರನೂ ಆದರೆ ಒಪ್ಪುತ್ತೇವೆಯೇ?

ಇದು ಸಾಲಕ್ಕೆ ನೇರ ಸಂಬಂಧಪಟ್ಟ ಮಾತು. ಪಹಣಿಯ 11ನೇ ಕಾಲಂ ನೋಡಿಕೊಳ್ಳಿ. ಬ್ಯಾಂಕಿನ ಋಣ ಅಲ್ಲಿರುತ್ತೆ. ಈಗ ‘ಫ್ರೂಟ್ಸ್’ ವ್ಯವಸ್ಥೆಯ ಮೂಲಕ ಆ ಋಣ ಬ್ಯಾಂಕಿನ ಶಾಖೆಯಿಂದಲೇ ದಾಖಲಾಗುತ್ತೆ. ಅಂದರೆ ನಮ್ಮ ಪಹಣಿಯ ಬಾಗಿಲು ತಾಲ್ಲೂಕು ಕಚೇರಿ ದಾಟಿ ಬ್ಯಾಂಕಿನ ಮೇಜಿನವರೆಗೂ ತೆರೆದೈತೆ. ಸಾಲ ತೀರಿಸಿ ತೀರುವಳಿ ಪತ್ರ ಜೇಬಿಗಿಟ್ಟುಕೊಂಡವನ ಕಾಲಂ ಖಾಲಿ ಆಗದಿದ್ದರೆ ಮುಂಗಾರಿಗೆ ಹೊಸ ಸಾಲ ಹುಟ್ಟುವುದಿಲ್ಲ. ಬೀಜ ಗೊಬ್ಬರಕ್ಕೆ ಅವನು ಕೈಗಡಕ್ಕೇ ಹೋಗಬೇಕು, ಬಡ್ಡಿ ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ಖರ್ಚಿನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಹಾಕಲು ಒಪ್ಪಿಗೆ ಕೊಟ್ಟಿತು. ಸಂಘದ ಲೆಕ್ಕ ಯಂತ್ರಕ್ಕೆ ಹೋದ ಕಡೆ ಅಲ್ಲಿಯ ಕೀಲಿಕೈ ಪಟ್ಟಿಯನ್ನೂ ಮಹಾಸಭೆಯಲ್ಲಿ ಕೇಳಬೇಕು.

1980ರ ದಶಕದಲ್ಲಿ ರೈತ ಸಂಘದವರು ಹಳ್ಳಿಯ ಬಾಗಿಲಿಗೆ ಬೋರ್ಡು ನೆಟ್ಟಿದ್ದು ಹಿರಿಯರಿಗೆ ನೆನಪಿದೆ. ಅನುಮತಿ ಇಲ್ಲದೆ ಅಧಿಕಾರಿಗಳು ವಸೂಲಿಗೆ ಊರೊಳಗೆ ಕಾಲಿಡಬಾರದು ಅಂತ. ಈಗ ಅವರು ಊರಿಗೆ ಬರುವ ಅಗತ್ಯವೇ ಇಲ್ಲ, ಬೆಂಗಳೂರಿನಲ್ಲಿ ಕೂತೇ ನಮ್ಮ ಸರ್ವೆ ನಂಬರಿಗೆ ಇಳಿಯಬಹುದು. ಬೋರ್ಡು ನೆಡಬೇಕಾದ ಜಾಗ ಬದಲಾಗೈತೆ.

ಯಾರ ಪಾಸ್‌ವರ್ಡೂ ನಮಗೆ ಬೇಡ. ಕೇಳಬೇಕಾದದ್ದು ಇಷ್ಟು: ನಮ್ಮ ತಾಲ್ಲೂಕಿನ ಪಹಣಿ ತಿದ್ದಲು, ಮಂಜೂರು ಮಾಡಲು ಯಾವ ಯಾವ ಹುದ್ದೆಯ ಎಷ್ಟು ಜನಕ್ಕೆ ಅಧಿಕಾರ ಐತೆ? ಅದರಲ್ಲಿ ಗುತ್ತಿಗೆಯವರು ಎಷ್ಟು? ಎರಡೂ ಗುಂಪಿನಲ್ಲಿ ಇರುವವರು ಯಾರಾದರೂ ಇದ್ದಾರೆಯೇ? ಹಾಜರಿ ಪುಸ್ತಕದ ಜೊತೆ ಈ ಪಟ್ಟಿಯನ್ನು ಕೊನೆಯದಾಗಿ ತಾಳೆ ನೋಡಿದ ತಾರೀಖು ಯಾವುದು, ಆಗ ಎಷ್ಟು ಹೆಸರು ತೆಗೆದಿರಿ? ತಿದ್ದಿದ ಗುರುತಿನ ದಾಖಲೆಯನ್ನು ತಿದ್ದಿದವನೇ ಅಳಿಸಲು ಬರುತ್ತದೆಯೇ?

2005ರ ಮಾಹಿತಿ ಹಕ್ಕು ಕಾಯ್ದೆಯ 6(1)ನೇ ಕಲಮಿನಡಿ ಬಿಳಿ ಹಾಳೆಯಲ್ಲಿ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೂಡ್ಲಿಗಿ ತಾಲ್ಲೂಕು ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ‘ಅದು ಬೆಂಗಳೂರಿನದು, ನಮ್ಮದಲ್ಲ’ ಅಂದರೆ, 6(3)ರ ಪ್ರಕಾರ 5 ದಿನದೊಳಗೆ ಅರ್ಜಿಯನ್ನು ಅವರೇ ಅಲ್ಲಿಗೆ ಕಳಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ ಮುಂದಿನ 30 ದಿನದೊಳಗೆ ಮೇಲ್ಮನವಿ. ಒಬ್ಬರು ಕೊಟ್ಟರೆ ಅರ್ಜಿ ಮೂಲೆಗೆ ಬೀಳಬಹುದು. ಊರಿಗೆ ಹತ್ತು ಜನ, ಒಂದೇ ದಿನ ಕೊಡಿ.